ಮನೆಯ ಕೋವಿ ಮತ್ತು ಒಂದು ಕೆಟ್ಟ ಗಳಿಗೆ: ಮಲೆನಾಡಿನ ಮನೆಗಳಿಗೆ ಒಂದು ಮಾರ್ಗದರ್ಶಿ

ನಮ್ಮ ಕಡೆ, ಅಂದರೆ ತೀರ್ಥಹಳ್ಳಿ, ಹೊಸನಗರದ ತೋಟದ ಮನೆಗಳಲ್ಲಿ, ಕೋವಿ ಅನ್ನೋದು ಕತ್ತಿ, ಹಾರೆ, ದೋಟಿಯ ಹಾಗೆ ಇನ್ನೊಂದು ಸಾಮಾನು. ಜಗಲಿ ಗೋಡೆಯ ಗೂಟಕ್ಕೆ ನೇತು ಹಾಕಿರುತ್ತಾರೆ, ಇಲ್ಲಾ ಒಳಗಿನ ಕತ್ತಲೆ ಮೂಲೆಯಲ್ಲಿ ಒರಗಿಸಿರುತ್ತಾರೆ. ಬೆಳೆ ರಕ್ಷಣೆಗೆ ಅಂತ ಅಜ್ಜನ ಕಾಲದಲ್ಲೇ ಲೈಸೆನ್ಸ್ ಆಗಿರುತ್ತದೆ. ಮಂಗ ಎಳೆ ಅಡಿಕೆ ಉದುರಿಸುವಾಗ, ಹಂದಿ ಗದ್ದೆಗೆ ನುಗ್ಗಿದಾಗ ಒಂದು ಈಡು ಹಾರಿಸಿ ಹೆದರಿಸಿದರೆ ಮುಗಿಯಿತು, ವರ್ಷದ ಉಳಿದ ಹನ್ನೊಂದು ತಿಂಗಳು ಅದರ ಕಡೆ ಯಾರೂ ತಿರುಗಿ ನೋಡೋದಿಲ್ಲ. ಈ ಬರಹ ಆ ಹನ್ನೊಂದು ತಿಂಗಳ ಬಗ್ಗೆ: ಮನೆಯಲ್ಲಿ ಯಾರಿಗಾದರೂ ಸಾಯುವ ಯೋಚನೆ ಬಂದ ಗಳಿಗೆಯಲ್ಲಿ ಆ ಕೋವಿ ಕೈಗೆ ಸಿಗದ ಹಾಗೆ ಮಾಡೋದು ಹೇಗೆ ಅಂತ.

ಕೋವಿ ಇಟ್ಟುಕೊಳ್ಳಬೇಡಿ ಅಂತ ಉಪದೇಶ ಮಾಡೋಕೆ ಬಂದಿಲ್ಲ. ನಮ್ಮ ಮನೆಯಲ್ಲೂ ಒಂಟಿ ನಳಿಗೆಯ ಕೋವಿ ಒಂದಿದೆ, ಅಜ್ಜನಿಂದ ಅಪ್ಪಯ್ಯನಿಗೆ ಬಂದಿದ್ದು. ಕೆಲವು ವರ್ಷದ ಹಿಂದೆ ಕೊಳೆರೋಗ, ಎಲೆಚುಕ್ಕೆ ಎರಡೂ ಒಟ್ಟಿಗೆ ಬಂದು ಅರ್ಧ ಫಸಲು ನೆಲ ಸೇರಿತು. ಸಾಲದ ಕಂತು ನಿಂತಿತು. ಅಪ್ಪಯ್ಯ ರಾತ್ರಿ ಮಲಗೋದು ಬಿಟ್ಟು ಜಗಲಿಯಲ್ಲಿ ಕೂರೋಕೆ ಶುರು ಮಾಡಿದರು, ಊಟದ ಬಾಳೆಯಿಂದ ಅರ್ಧಕ್ಕೇ ಏಳುತ್ತಿದ್ದರು, ಮಾತಂತೂ ಪೂರ್ತಿ ಕಡಿಮೆ. ಅಮ್ಮ ಯಾರ ಹತ್ತಿರವೂ ಏನೂ ಹೇಳಲಿಲ್ಲ. ಒಂದು ದಿನ ಸುಮ್ನೆ ತೋಟಾ, ಅಂದರೆ ಕೋವಿಯ ಗುಂಡು, ಇದ್ದ ಡಬ್ಬಿ ತೆಗೆದು ಎಲ್ಲೋ ಇಟ್ಟಳು. ಅಷ್ಟರಲ್ಲಿ ಚುನಾವಣೆ ಬಂತು. ಆಗ ಲೈಸೆನ್ಸ್ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಿಸುತ್ತಾರೆ, ಎಲ್ಲರ ಹಾಗೆ ನಮ್ಮ ಕೋವಿಯೂ ಠಾಣೆ ಸೇರಿತು. ಮತ ಎಣಿಕೆ ಮುಗಿದು ಊರವರೆಲ್ಲ ವಾಪಸ್ ತರೋಕೆ ಹೊರಟಾಗ ಅಮ್ಮ, "ಅಲ್ಲೇ ಇರ್ಲಿ ಬಿಡಿ, ಮಳೆಗಾಲ ಕಳೀಲಿ. ಈಗ ತಂದು ಏನಾಗ್ಬೇಕಾಗಿದೆ?" ಅಂದಳು. ಅಷ್ಟೇ.

ಆಮೇಲೆ ಈ ವಿಷಯ ಓದುತ್ತಾ ಹೋದಾಗ ಗೊತ್ತಾಯಿತು, ಅಮ್ಮ ಮಾಡಿದ ಇದೇ ಕೆಲಸವನ್ನು ಅಮೆರಿಕದಲ್ಲಿ ಡಾಕ್ಟರು, ನರ್ಸುಗಳಿಗೆ ತರಗತಿ ಮಾಡಿ ಕಲಿಸುತ್ತಾರೆ.

ಮುಂದೆ ಹೋಗುವ ಮೊದಲು ಒಂದು ನಂಬರ್. ನಿಮಗೇ ಅಥವಾ ಮನೆಯಲ್ಲಿ ಯಾರಿಗಾದರೂ ಈಗಲೇ ಬದುಕು ಸಾಕಾಗಿದೆ ಅನ್ನಿಸುತ್ತಿದ್ದರೆ ಈ ಲೇಖನ ಇಲ್ಲಿಗೇ ಬಿಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಜೀವಕ್ಕೆ ಅಪಾಯ ಕಣ್ಣೆದುರೇ ಇದ್ದರೆ 112.

ಮಂಗನ ಕಾಯಿಲೆ ಕಲಿಸಿದ ಪಾಠ

ಸಾರ್ವಜನಿಕ ಆರೋಗ್ಯ ಅಂದರೇನು ಅಂತ ಮಲೆನಾಡಿನವರಿಗೆ ಹೊರಗಿನವರು ಬಂದು ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ, ಜನ ಜ್ವರದಲ್ಲಿ ಮಲಗಿದ್ದಾಗ, ವಿಜ್ಞಾನಿಗಳು ಕೇಳಿದ್ದು ಒಂದೇ ಪ್ರಶ್ನೆ: ಈ ರೋಗ ಯಾವ ದಾರಿಯಲ್ಲಿ ಬರುತ್ತಿದೆ, ಆ ದಾರಿಯನ್ನು ಎಲ್ಲಿ ಕಡಿಯಬಹುದು? ರಕ್ತ ಹೀರುವ ಹುಳು ಉಣುಗು ಸಿಕ್ಕಿಬಿತ್ತು. ಇವತ್ತಿಗೂ ದರಗು, ಅಂದರೆ ಒಣಗಿದ ಎಲೆ, ತರೋಕೆ ಕಾಡಿಗೆ ಹೋಗುವವರಿಗೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ ಅನ್ನುತ್ತಾರೆಯೇ ಹೊರತು ಜ್ವರ ಬಂದವನನ್ನು ನಿನ್ನದೇ ತಪ್ಪು ಅಂತ ಯಾರೂ ಬೈಯೋದಿಲ್ಲ.

ಗಾಯಗಳಿಗೂ ಇದೇ ಲೆಕ್ಕ ಹಾಕಬಹುದು ಅಂತ ತೋರಿಸಿದವರಲ್ಲಿ ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ ದೊಡ್ಡ ಹೆಸರು. 1960ರ ದಶಕದಲ್ಲಿ ಅವರು ರಸ್ತೆ ಅಪಘಾತಕ್ಕೆ ಡ್ರೈವರನ್ನು ಬೈಯುವುದರ ಜೊತೆಗೆ ಕಾರು ಹೇಗಿದೆ, ರಸ್ತೆ ಹೇಗಿದೆ ಅಂತಲೂ ನೋಡಿ ಅಂದರು. ಇದೇ ಕಣ್ಣಿನಿಂದ ಬಂದೂಕನ್ನು ನೋಡಿದವರು ಆರ್ಥರ್ ಕೆಲರ್‌ಮನ್. ಅವರ ತಂಡ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕು ಇರುವ ಮನೆಗಳಲ್ಲಿ ಆತ್ಮಹತ್ಯೆಯ ಅಪಾಯ ಜಾಸ್ತಿ ಅಂತ ಕಂಡುಬಂತು. ಗಲಾಟೆಯೂ ಆಯಿತು. 1996ರಲ್ಲಿ ಅಲ್ಲಿನ ಸಂಸತ್ತು, ರೋಗ ನಿಯಂತ್ರಣ ಕೇಂದ್ರದ ಹಣವನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸಬಾರದು ಅಂತ ಒಂದು ಸಾಲು ಸೇರಿಸಿ, ಜೊತೆಗೆ 26 ಲಕ್ಷ ಡಾಲರನ್ನೂ ಕಿತ್ತುಕೊಂಡಿತು. ಆ ಸಾಲು ಬರೆಸಿದ ಜೇ ಡಿಕಿ ಅನ್ನುವ ಸಂಸದರು 2012ರಲ್ಲಿ, ಹಿಂದೆ ತಮ್ಮ ಎದುರಾಳಿಯಾಗಿದ್ದ ಸಂಶೋಧಕ ಮಾರ್ಕ್ ರೋಸನ್‌ಬರ್ಗ್ ಜೊತೆಗೇ ಸೇರಿ, ಈ ಸಂಶೋಧನೆ ನಡೆಯಬೇಕು ಅಂತ ಪತ್ರಿಕೆಯಲ್ಲಿ ಬರೆದರು. ತಪ್ಪು ತಿದ್ದಿಕೊಳ್ಳುವ ರಾಜಕಾರಣಿಯನ್ನು ನಾವು ನೋಡೋದೇ ಅಪರೂಪ, ಅದಕ್ಕೇ ಇಲ್ಲಿ ಹೇಳಿದೆ. ಕೇಂದ್ರ ಸರ್ಕಾರದ ಹಣ ಮತ್ತೆ ಸಿಕ್ಕಿದ್ದು 2019ರ ಕೊನೆಗೆ, 2.5 ಕೋಟಿ ಡಾಲರ್.

2020ರಲ್ಲಿ ಕ್ಯಾಲಿಫೋರ್ನಿಯಾದ 2.6 ಕೋಟಿಗೂ ಜಾಸ್ತಿ ವಯಸ್ಕರನ್ನು ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನ ಬಂತು. ಕೈಬಂದೂಕು ಹೊಂದಿದ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ, ಹೊಂದಿಲ್ಲದ ಗಂಡಸರಿಗಿಂತ ಸುಮಾರು 8 ಪಟ್ಟು. ಸಿನಿಮಾ ನೋಡಿ ನಾವು ಅಂದುಕೊಳ್ಳೋದು ಅಮೆರಿಕದಲ್ಲಿ ಬಂದೂಕಿನ ಸಾವು ಅಂದರೆ ಕೊಲೆ ಅಂತ. ಅಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರದ್ದು ಆತ್ಮಹತ್ಯೆ.

ನಮ್ಮ ದೇಶದ ಚಿತ್ರ ಬೇರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು, ಕರ್ನಾಟಕದಲ್ಲಿ 13,606 ಜನ. ಇದರಲ್ಲಿ ಬಂದೂಕಿನ ಪಾಲು ಬಹಳ ಸಣ್ಣದು. ಆದರೆ ಗೂಟಕ್ಕೆ ಕೋವಿ ನೇತಾಡುತ್ತಿರುವ ಮನೆಗೆ ದೇಶದ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಆ ಮನೆಯ ಲೆಕ್ಕವೇ ಬೇರೆ.

ಗಳಿಗೆ ಅಂದರೆ 24 ನಿಮಿಷ

"ಯಾವ ಕೆಟ್ಟ ಗಳಿಗೇಲಿ ಹಂಗೆ ಮಾಡ್ಕೊಂಡ್ನೋ" ಅಂತ ಸಾವಿನ ಮನೆಯಲ್ಲಿ ಕೂತು ಎಲ್ಲರೂ ಹೇಳುತ್ತಾರೆ, ಅಲ್ವಾ? ಆ ಮಾತಿನಲ್ಲಿ ತೂಕ ಇದೆ. ಪಂಚಾಂಗದ ಲೆಕ್ಕದಲ್ಲಿ ಗಳಿಗೆ ಅಂದರೆ 24 ನಿಮಿಷ. ಅಮೆರಿಕದ ಹೂಸ್ಟನ್‌ನಲ್ಲಿ, ಆತ್ಮಹತ್ಯೆಗೆ ಯತ್ನಿಸಿ ಸಾವಿನ ಬಾಗಿಲಿಗೆ ಹೋಗಿ ಬದುಕಿಬಂದ 13ರಿಂದ 34 ವಯಸ್ಸಿನವರನ್ನು ಮಾತಾಡಿಸಿದ ಅಧ್ಯಯನ 2001ರಲ್ಲಿ ಬಂತು. ತೀರ್ಮಾನ ಮಾಡಿದ್ದಕ್ಕೂ ಕೈಹಾಕಿದ್ದಕ್ಕೂ ನಡುವೆ 5 ನಿಮಿಷವೂ ಇರಲಿಲ್ಲ ಅಂದವರು ಸುಮಾರು ಕಾಲು ಭಾಗ. ಸಂಕಟ ವರ್ಷಗಟ್ಟಲೆ ಇದ್ದಿರಬಹುದು. ಆದರೆ ಆ ಗಳಿಗೆ ಚಿಕ್ಕದು. ಅದು ದಾಟುವವರೆಗೆ ಕೈಗೆ ಏನು ಸಿಗುತ್ತದೆ ಅನ್ನೋದರ ಮೇಲೆ ಬದುಕು ನಿಂತಿರುತ್ತದೆ. ಕೋವಿ ಸಿಕ್ಕರೆ ಮನಸ್ಸು ಬದಲಾಯಿಸೋಕೆ ಹೊತ್ತೇ ಸಿಗೋದಿಲ್ಲ.

ಇದಕ್ಕೆ ಬರುವ ಎದುರುಮಾತು ನನಗೂ ಗೊತ್ತು. "ಸಾಯ್ಬೇಕು ಅಂದ್ಕೊಂಡವ್ನು ಇದಿಲ್ಲಾಂದ್ರೆ ಇನ್ನೊಂದು ದಾರಿ ಹುಡುಕ್ತಾನೆ ಮಾರಾಯ." ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಲೆಕ್ಕ ಒಪ್ಪೋದಿಲ್ಲ. ಒಮ್ಮೆ ಪ್ರಯತ್ನಿಸಿ ಬದುಕಿದವರಲ್ಲಿ ಹತ್ತರಲ್ಲಿ ಒಂಬತ್ತು ಜನ ಮುಂದೆ ಆತ್ಮಹತ್ಯೆಯಿಂದ ಸಾಯೋದಿಲ್ಲ. ಇಸ್ರೇಲಿನ ಸೈನ್ಯದಲ್ಲಿ ಹುಡುಗರು ವಾರದ ಕೊನೆಗೆ ಮನೆಗೆ ಹೋಗುವಾಗ ಬಂದೂಕನ್ನೂ ಹೊತ್ತುಕೊಂಡು ಹೋಗುತ್ತಿದ್ದರು. 2006ರಲ್ಲಿ ಅದನ್ನು ಶಿಬಿರದಲ್ಲೇ ಇಟ್ಟು ಹೋಗಿ ಅಂತ ನಿಯಮ ಮಾಡಿದರು. ಸೈನಿಕರ ಆತ್ಮಹತ್ಯೆ ಸುಮಾರು ಶೇ 40 ಇಳಿಯಿತು. ಹುಡುಗರು ಅವರೇ, ಸೈನ್ಯವೂ ಅದೇ. ಬದಲಾಗಿದ್ದು ಶನಿವಾರ ರಾತ್ರಿ ಮಲಗುವ ಕೋಣೆಯಲ್ಲಿ ಬಂದೂಕು ಇಲ್ಲದಿದ್ದದ್ದು. ನಮ್ಮ ಚುನಾವಣೆ ಠೇವಣಿಯ ಹಾಗೇ ಇದು, ಉದ್ದೇಶ ಮಾತ್ರ ಬೇರೆ.

ಸರಿ, ಕೆಲಸಕ್ಕೆ ಬರೋಣ.

ಹೆಜ್ಜೆ 1: ಇವತ್ತೇ ಖಾಲಿ ಮಾಡಿ

ಈಡು ತುಂಬಿಸಿದ ಕೋವಿ ಮನೆಯೊಳಗೆ ಇರಬಾರದು. ರಾತ್ರಿ ಹಂದಿ ಬಂದಾಗ ಅವಸರಕ್ಕೆ ಬೇಕು ಅಂತ ತುಂಬಿಸಿ ಇಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಹಂದಿ ಎರಡು ನಿಮಿಷ ಕಾಯುತ್ತದೆ ಬಿಡಿ. ತೋಟಾ ಹಾಕುವ ಕೋವಿಯಾದರೆ ನಳಿಗೆಯನ್ನು ಮಡಚಿ ತೆರೆದು ಕಣ್ಣಲ್ಲಿ ನೋಡಿ, ಬೆರಳಿಟ್ಟೂ ನೋಡಿ. ನಳಿಗೆಯ ಬಾಯಿಂದ ಮದ್ದು ತುಂಬಿಸಿ, ಸಿಡಿಯುವ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿಯದ್ದು ಬೇರೆ ಕಥೆ. ಕೇಪು ತೆಗೆದ ಮಾತ್ರಕ್ಕೆ ಅದು ಖಾಲಿ ಆಗೋದಿಲ್ಲ, ಮದ್ದು ಮತ್ತು ಚರೆ (ಸಣ್ಣ ಗುಂಡುಗಳು) ನಳಿಗೆಯಲ್ಲೇ ಕೂತಿರುತ್ತವೆ. ಹೋದ ವರ್ಷ ಯಾರೋ ತುಂಬಿಸಿದ್ದು ಈ ವರ್ಷದವರಿಗೆ ನೆನಪಿರೋದಿಲ್ಲ. ಅನುಮಾನ ಇದ್ದರೆ ಗೊತ್ತಿದ್ದವರಿಂದಲೇ ತೆಗೆಸಿ, ನೀವೇ ಕಡ್ಡಿ ಹಾಕಿ ಕೆದಕಬೇಡಿ. ಮದ್ದು ತಂಡಿ ಹಿಡಿಯದಿರಲಿ ಅಂತ ಒಲೆ ಮೇಲಿನ ಅಟ್ಟದಲ್ಲಿ ಇಡುವವರೂ ಇದ್ದಾರೆ. ದಯವಿಟ್ಟು ಇವತ್ತೇ ಅಲ್ಲಿಂದ ಇಳಿಸಿ.

ಹೆಜ್ಜೆ 2: ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ

2005ರಲ್ಲಿ ಅಮೆರಿಕದ ಮೂರು ರಾಜ್ಯಗಳ ಮನೆಗಳನ್ನು ಹೋಲಿಸಿ ನೋಡಿದ ಅಧ್ಯಯನ ನಾಲ್ಕು ಅಭ್ಯಾಸಗಳನ್ನು ಹೇಳಿತು. ಬಂದೂಕು ಖಾಲಿ ಇರೋದು, ಬಂದೂಕಿಗೆ ಬೀಗ ಇರೋದು, ಗುಂಡಿಗೆ ಬೀಗ ಇರೋದು, ಗುಂಡು ಬೇರೆ ಜಾಗದಲ್ಲಿ ಇರೋದು. ಈ ನಾಲ್ಕರಲ್ಲಿ ಒಂದೊಂದೂ ಮಕ್ಕಳು ಮತ್ತು ಹದಿಹರೆಯದವರ ಗಾಯ, ಆತ್ಮಹತ್ಯೆ ಎರಡರ ಅಪಾಯವನ್ನೂ ಕಡಿಮೆ ಮಾಡಿತ್ತು. ನಾಲ್ಕನ್ನೂ ಒಂದೇ ದಿನ ಮಾಡೋಕೆ ಆಗದಿದ್ದರೆ ಒಂದರಿಂದಾದರೂ ಶುರು ಮಾಡಿ.

ದುಬಾರಿ ಪೆಟ್ಟಿಗೆ ಬೇಕಿಲ್ಲ. ಗಾಡ್ರೆಜ್ ಕಪಾಟು ಸಾಕು. ಕೋವಿ ಉದ್ದ ಆಯಿತು, ಹಿಡಿಸೋದಿಲ್ಲ ಅಂತೀರಾ? ತೋಟಾ ಕೋವಿಯನ್ನು ಬಿಚ್ಚಬಹುದು. ನಳಿಗೆ ಕಪಾಟಿನಲ್ಲಿ, ಮರದ ಹಿಡಿ ಇರುವ ಭಾಗ ಇನ್ನೊಂದು ಕೋಣೆಯ ಪೆಟ್ಟಿಗೆಯಲ್ಲಿ. ಕತ್ತಲಲ್ಲಿ, ಅಳುತ್ತಾ, ಕೈ ನಡುಗುತ್ತಾ ಇರುವವನು ಮೂರು ಕಡೆ ಹುಡುಕಿ ಜೋಡಿಸಬೇಕು ಅಂದರೆ ಅಷ್ಟರಲ್ಲಿ ನಾಯಿ ಬೊಗಳುತ್ತದೆ, ಯಾರಾದರೂ ಏಳುತ್ತಾರೆ. ನಮಗೆ ಬೇಕಿರೋದು ಆ ಹೊತ್ತೇ.

ಇನ್ನು ಕೀಲಿ. ಬೀಗಕ್ಕಿಂತ ಇದೇ ಮುಖ್ಯ ಅಂತ ನನ್ನ ಅಭಿಪ್ರಾಯ. ಶ್ರೀಲಂಕಾದಲ್ಲಿ ಹಳ್ಳಿ ಮನೆಗಳಿಗೆ ಕೀಟನಾಶಕ ಇಡೋಕೆ ಬೀಗದ ಪೆಟ್ಟಿಗೆ ಹಂಚಿ ಒಂದು ದೊಡ್ಡ ಪರೀಕ್ಷೆ ಮಾಡಿದರು. 2017ರಲ್ಲಿ ಫಲಿತಾಂಶ ಬಂತು: ಕೀಟನಾಶಕ ಕುಡಿದವರ ಪ್ರಮಾಣದಲ್ಲಿ ಪೆಟ್ಟಿಗೆ ಕೊಟ್ಟ ಹಳ್ಳಿಗಳಿಗೂ ಕೊಡದ ಹಳ್ಳಿಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದೇ ದೇಶದಲ್ಲಿ ಅತಿ ವಿಷದ ಕೀಟನಾಶಕಗಳನ್ನೇ 1995ರಿಂದ ಒಂದೊಂದಾಗಿ ನಿಷೇಧಿಸಿದಾಗ ಆತ್ಮಹತ್ಯೆ ಶೇ 70ರಷ್ಟು ಇಳಿದಿತ್ತು. ಬೀಗದ ಪೆಟ್ಟಿಗೆ ಇದ್ದ ಮಾತ್ರಕ್ಕೆ ಸಾಲದು ಅಂತಾಯಿತು. ನಮ್ಮ ಮನೆಗಳನ್ನೇ ನೋಡಿ, ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಅದರ ಪಕ್ಕದ ಮೊಳೆಗೇ ನೇತು ಹಾಕುತ್ತೇವೆ. ಮನೆಯ ಸಣ್ಣ ಮಗುವಿಗೂ ಗೊತ್ತಿರುವ ಜಾಗದಲ್ಲಿ ಕೀಲಿ ಇದ್ದರೆ ಬೀಗ ಹಾಕಿದ್ದು ಧೂಳಿಗೆ ಮಾತ್ರ. ಕೋವಿ ಬಳಸುವವರ ಹತ್ತಿರ ಒಂದು ಕೀಲಿ, ತೋಟಾ ಡಬ್ಬಿಯದ್ದು ಇನ್ನೊಬ್ಬರ ಹತ್ತಿರ. ಮನೆಯಲ್ಲಿ ಕಷ್ಟದ ಕಾಲ ನಡೆಯುತ್ತಿದ್ದರೆ ಆ ಎರಡನೆಯ ಕೀಲಿ ಮನೆಯಲ್ಲೇ ಬೇಡ.

"ನಮ್ಮ ಹುಡುಗ ಮುಟ್ಟಲ್ಲ, ಹೇಳಿದ್ದೀನಿ" ಅನ್ನುವ ತಂದೆ ತಾಯಂದಿರಿಗೆ ಒಂದು ಮಾತು. 8ರಿಂದ 12 ವರ್ಷದ ಹುಡುಗರನ್ನು ಗುಂಪು ಗುಂಪಾಗಿ ಒಂದು ಕೋಣೆಯಲ್ಲಿ ಬಿಟ್ಟು, ಡ್ರಾಯರ್‌ನಲ್ಲಿ ನಿಜವಾದ, ಆದರೆ ಗುಂಡು ಹಾರದಂತೆ ಮಾಡಿದ ಪಿಸ್ತೂಲು ಇಟ್ಟು ನೋಡಿದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಸಿಕ್ಕ ಗುಂಪುಗಳಲ್ಲಿ ಬಹುಪಾಲು ಅದನ್ನು ಕೈಗೆತ್ತಿಕೊಂಡವು, ಟ್ರಿಗರ್ ಎಳೆದವರೂ ಇದ್ದರು. ಹಾಗೆ ಮುಟ್ಟಿದ ಹುಡುಗರಲ್ಲಿ ಶೇ 90ಕ್ಕೂ ಜಾಸ್ತಿ ಜನರಿಗೆ ಬಂದೂಕಿನ ಬಗ್ಗೆ ಮೊದಲೇ ಬುದ್ಧಿ ಹೇಳಿ ಆಗಿತ್ತು. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬರುವ ಮೊಮ್ಮಕ್ಕಳಿಗಂತೂ ಜಗಲಿಯ ಕೋವಿ ಮೊಬೈಲ್ ಗೇಮಿನಷ್ಟೇ ಚಂದ ಕಾಣುತ್ತದೆ.

ಹೆಜ್ಜೆ 3: ಕೆಟ್ಟ ಕಾಲ ಬಂದಿದ್ದು ಗುರುತಿಸಿ

ಮೇಲಿನ ಎರಡು ಎಲ್ಲ ಮನೆಗೂ, ಎಲ್ಲ ಕಾಲಕ್ಕೂ. ಇಲ್ಲಿಂದ ಮುಂದಿನದು ಮನಸ್ಸು ಸೋತಿರುವ ಕಾಲಕ್ಕೆ. ಕೊಳೆರೋಗದ ವರ್ಷ, ಬ್ಯಾಂಕಿನ ನೋಟಿಸು, ಪಾಲಿನ ಜಗಳ ಕೋರ್ಟಿಗೆ ಹೋದದ್ದು, ಮದುವೆ ಮುರಿದದ್ದು, ಪಿಯುಸಿ ರಿಸಲ್ಟ್, ಹೆಂಡತಿ ತೀರಿಹೋದ ಮೇಲೆ ಒಬ್ಬರೇ ಉಳಿದ ಅಜ್ಜ, ಕುಡಿತ ದಿನದ ಅಭ್ಯಾಸ ಆದದ್ದು. ಇವೆಲ್ಲ ಬಂದವರೆಲ್ಲ ಹಾಗೆ ಮಾಡಿಕೊಳ್ಳುತ್ತಾರೆ ಅಂತ ಅಲ್ಲ, ಬಹುಪಾಲು ಜನ ಹೇಗೋ ದಾಟುತ್ತಾರೆ. ಆದರೆ ಇದರ ಜೊತೆಗೆ ನಿದ್ದೆ ಹೋಗಿದ್ದರೆ, ಜನರಿಂದ ತಪ್ಪಿಸಿಕೊಳ್ಳುತ್ತಿದ್ದರೆ, ಪಹಣಿ, ಪಾಸ್‌ಬುಕ್ಕು, ಎಲ್‌ಐಸಿ ಬಾಂಡು ಎಲ್ಲ ತೆಗೆದು "ಇದು ಇಲ್ಲಿದೆ ನೋಡಿಟ್ಕೋ" ಅಂತ ತೋರಿಸುತ್ತಿದ್ದರೆ, "ನಾನೊಬ್ಬ ಇಲ್ದಿದ್ರೆ ನಿಮಗೆಲ್ಲ ಸುಲಭ" ಅನ್ನುವ ಮಾತು ಬಂದರೆ, ಕಿವಿ ನೆಟ್ಟಗೆ ಮಾಡಿ. ಎಷ್ಟೋ ದಿನ ಒದ್ದಾಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಕಾರಣವಿಲ್ಲದೆ ಶಾಂತವಾದರೂ ಅಷ್ಟೇ.

ಹೆಜ್ಜೆ 4: ಬಾಯಿಬಿಟ್ಟು ಕೇಳಿ

ಇದು ಎಲ್ಲಕ್ಕಿಂತ ಕಷ್ಟದ್ದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಎಲ್ಲರಿಗೂ ಭಯ. ಹಾಗಾಗೋದಿಲ್ಲ. ನ್ಯೂಯಾರ್ಕಿನ ಹೈಸ್ಕೂಲು ಮಕ್ಕಳಲ್ಲಿ ಇದನ್ನೇ ಪರೀಕ್ಷೆ ಮಾಡಿ 2005ರಲ್ಲಿ ಪ್ರಕಟಿಸಿದ್ದಾರೆ: ಆತ್ಮಹತ್ಯೆಯ ಬಗ್ಗೆ ನೇರ ಪ್ರಶ್ನೆ ಕೇಳಿಸಿಕೊಂಡವರಲ್ಲಿ ಆ ಯೋಚನೆಯೂ ಜಾಸ್ತಿ ಆಗಲಿಲ್ಲ, ಸಂಕಟವೂ ಜಾಸ್ತಿ ಆಗಲಿಲ್ಲ.

ಜಾಗ ನೋಡಿ ಕೇಳಿ. ಊಟಕ್ಕೆ ಕೂತಾಗ ಎಲ್ಲರ ಮುಂದೆ ಬೇಡ. ಅಡಿಕೆ ಸುಲಿಯುವಾಗಲೋ, ತೋಟಕ್ಕೆ ಜೊತೆಗೆ ಹೋಗುವಾಗಲೋ ಸುಲಭ, ಮುಖ ನೋಡಿ ಮಾತಾಡಬೇಕಿಲ್ಲವಲ್ಲ. ನಮ್ಮಲ್ಲಿ ಗಂಡಸರು ಹೆಂಡತಿ ಮಕ್ಕಳ ಹತ್ತಿರ ಹೇಳದ್ದನ್ನು ಭಾವನ ಹತ್ತಿರ ಹೇಳುತ್ತಾರೆ. ನಮ್ಮ ಮನೆಯಲ್ಲೂ ಮಾತು ತೆಗೆದಿದ್ದು ಮಾವನೇ.

"ಭಾವ, ನಿಮ್ಮನ್ನ ನೋಡಿದ್ರೆ ಸರಿ ಅನ್ನಿಸ್ತಾ ಇಲ್ಲ. ಇಷ್ಟೆಲ್ಲ ಆದಾಗ ಸಾಯೋ ಯೋಚ್ನೆ ಬರೋದೂ ಉಂಟು. ನಿಮಗೆ ಬಂದಿದ್ಯಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬರ್ದೇ ಏನು."

"ಕೋವಿ ಸ್ವಲ್ಪ ದಿನ ಸ್ಟೇಷನ್ನಲ್ಲೇ ಇರ್ಲಿ ಭಾವ, ಮನೇಲಿ ಬೇಡ. ತರೋ ದಿನ ನಾನೇ ಬರ್ತೀನಿ, ಒಟ್ಟಿಗೆ ಹೋಗೋಣ."

ಇಷ್ಟೇ ಸಾಕಾಗುತ್ತದೆ ಎಷ್ಟೋ ಸಲ. "ಹೆಂಡ್ತಿ ಮಕ್ಕಳ ಮುಖ ನೋಡಿ ಬದುಕಬೇಕು," "ಹೇಡಿಗಳ ಕೆಲಸ ಅದು" ಅಂತೆಲ್ಲ ಭಾಷಣ ಬೇಡ. ಹೌದು ಅಂದರೆ ಗಾಬರಿಯಾಗಬೇಡಿ, ಹೇಳಿದ್ದಕ್ಕೆ ಒಳ್ಳೇದಾಯಿತು ಅನ್ನಿ. ಯಾರಿಗೂ ಹೇಳೋದಿಲ್ಲ ಅಂತ ಮಾತ್ರ ಆಣೆ ಮಾಡಬೇಡಿ. ಮತ್ತೆ ಆ ರಾತ್ರಿ ಅವರನ್ನು ಒಬ್ಬರೇ ಬಿಡಬೇಡಿ.

ಹೆಜ್ಜೆ 5: ಕೋವಿಯನ್ನು ಮನೆಯಿಂದ ಹೊರಗೆ ಕಳಿಸಿ, ಕಾನೂನು ನೋಡಿಕೊಂಡು

ಅಮೆರಿಕದ ಮಾರ್ಗದರ್ಶಿಗಳಲ್ಲಿ ಬಂದೂಕನ್ನು ಸ್ನೇಹಿತನ ಮನೆಯಲ್ಲಿಡಿ ಅಂತ ಬರೆದಿರುವುದುಂಟು. ನಮ್ಮಲ್ಲಿ ಹಾಗೆ ಮಾಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದವರು ಕೋವಿಯನ್ನಾಗಲೀ ತೋಟಾವನ್ನಾಗಲೀ ಇಟ್ಟುಕೊಂಡರೆ ಅಪರಾಧ. ಒಳ್ಳೇದು ಮಾಡೋಕೆ ಹೋಗಿ ಪಕ್ಕದ ಮನೆಯವರ ಮೇಲೆ ಕೇಸು ಬೀಳಬಾರದು. ನಮಗಿರುವ ದಾರಿ ಎರಡು: ಪೊಲೀಸ್ ಠಾಣೆ, ಇಲ್ಲಾ ಶಸ್ತ್ರಾಸ್ತ್ರ ಠೇವಣಿ ಇಟ್ಟುಕೊಳ್ಳಲು ಪರವಾನಗಿ ಇರುವ ಬಂದೂಕು ಅಂಗಡಿ. ಲೈಸೆನ್ಸ್ ಪುಸ್ತಕ ತೆಗೆದುಕೊಂಡು ಹೋಗಿ, ಒಂದು ಅರ್ಜಿ ಬರೆದು ಕೊಡಿ, ಕೋವಿಯ ನಂಬರ್ ಮತ್ತು ತೋಟಾದ ಲೆಕ್ಕ ಬರೆಸಿ ರಸೀದಿ ತೆಗೆದುಕೊಳ್ಳಿ. ಮನೆಯ ಕಷ್ಟ ಅಲ್ಲಿ ಬಿಡಿಸಿ ಹೇಳಬೇಕಿಲ್ಲ. "ಮನೆ ರಿಪೇರಿ ನಡೀತಿದೆ, ಸುರಕ್ಷಿತವಾಗಿ ಇಡೋಕೆ ಜಾಗ ಇಲ್ಲ" ಅಂದರೂ ಸಾಕು. ಒಂದು ಠಾಣೆಯಲ್ಲಿ "ಚುನಾವಣೆ ಇಲ್ದೆ ಯಾಕ್ರೀ ತಂದಿದ್ದೀರಿ?" ಅಂತ ತಂದವರನ್ನೇ ಅನುಮಾನದಿಂದ ನೋಡಿದ್ದೂ ಇದೆ. ಎರಡನೇ ಸಲ ಹೋಗಿ, ಬಿಡಬೇಡಿ.

ಮನೆಯೊಳಗೇ ಇಡುವ ಅನಿವಾರ್ಯ ಇದ್ದರೆ, ಕೋವಿ ಕಪಾಟಿನಲ್ಲಿ ಇರಲಿ, ಕೀಲಿ ಮಾತ್ರ ನಾಲ್ಕು ಮೈಲಿ ಆಚೆಯ ನೆಂಟರ ಮನೆಗೆ ಹೋಗಲಿ.

ಅಜ್ಜನ ಹೆಸರಲ್ಲೇ ಉಳಿದ ಕೋವಿಗಳದ್ದು ಇನ್ನೊಂದು ತಲೆನೋವು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರು ತೀರಿಹೋದರೆ ಮಾತ್ರ ಅಲ್ಲ, ಅವರಿಗೆ 70 ವರ್ಷ ತುಂಬಿದಾಗಲೂ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಮರೆವು ಶುರುವಾದ, ಖಿನ್ನತೆ ಇರುವ ಹಿರಿಯರ ಮನೆಯಲ್ಲಿ ಇದು ಒಳ್ಳೆ ನೆಪ. "ಅಪ್ಪಯ್ಯ, ನಿಮ್ಮ ಕಾಲದಲ್ಲೇ ನನ್ನ ಹೆಸರಿಗೆ ಮಾಡ್ಕೊಡಿ" ಅಂದರೆ ಅವರ ಮರ್ಯಾದೆಗೂ ಕುಂದಿಲ್ಲ.

ಹೆಜ್ಜೆ 6: ಡಾಕ್ಟರು, ಮತ್ತು ಆಮೇಲಿನ ಫೋನು

ಕೋವಿ ಹೊರಗೆ ಹೋದರೆ ಹೊತ್ತು ಸಿಕ್ಕಿತು ಅಷ್ಟೇ, ಒಳಗಿನ ಸಂಕಟ ಹಾಗೇ ಇರುತ್ತದೆ. 14416 ಮೇಲೆ ಹೇಳಿದ್ದೇನೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ವ್ಯವಸ್ಥೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮನೆಯವರೂ ಫೋನ್ ಮಾಡಿ ಸಲಹೆ ಕೇಳಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರು ನಿಮ್ಮ ತಾಲೂಕು ಆಸ್ಪತ್ರೆಗೆ ಯಾವ ವಾರ ಬರುತ್ತಾರೆ ಅಂತ ಅಲ್ಲೇ ಕೇಳಿ. ಆಶಾ ಕಾರ್ಯಕರ್ತೆಗೂ ಗೊತ್ತಿರುತ್ತದೆ. ಮಾತ್ರೆ ಕೊಟ್ಟರೆ ಎರಡು ವಾರದಲ್ಲಿ "ಏನೂ ಆಗ್ಲಿಲ್ಲ" ಅಂತ ನಿಲ್ಲಿಸಬೇಡಿ, ಇವು ನಿಧಾನಕ್ಕೆ ಕೆಲಸ ಮಾಡುವ ಔಷಧಿಗಳು. ಮತ್ತೆ ಆ ಮಾತ್ರೆಗಳೂ ಮನೆಯಲ್ಲಿ ಬೇರೆಯವರ ಕೈಯಲ್ಲಿರಲಿ.

ಪ್ರಯತ್ನ ಮಾಡಿ ಬದುಕಿದವರನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಅನ್ನುವ ಹೆದರಿಕೆ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ 309ನೇ ಕಲಮು ಇಲ್ಲ. ಮುಚ್ಚಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆಸ್ಪತ್ರೆಯಿಂದ ಬಂದ ಮೇಲೆ ನೆಂಟರು ಒಂದು ವಾರ ಸಾಲಾಗಿ ಬರುತ್ತಾರೆ, ಆಮೇಲೆ ಒಬ್ಬರೂ ಇಲ್ಲ. ಚೆನ್ನೈಯೂ ಸೇರಿ ಐದು ದೇಶಗಳ ಐದು ಕಡೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2008ರಲ್ಲಿ ಬಂತು. ಪ್ರಯತ್ನಿಸಿ ಬದುಕಿದವರಿಗೆ ಒಮ್ಮೆ ವಿವರವಾಗಿ ತಿಳಿಹೇಳಿ, ಆಮೇಲೆ 18 ತಿಂಗಳು ಆಗಾಗ ಫೋನ್ ಮಾಡಿಯೋ, ಮನೆಗೆ ಹೋಗಿಯೋ ವಿಚಾರಿಸಿದರು. ಅಂಥವರಲ್ಲಿ ಆತ್ಮಹತ್ಯೆಯ ಸಾವು ಗಣನೀಯವಾಗಿ ಕಡಿಮೆಯಾಯಿತು. "ಹೆಂಗಿದ್ದೀರಿ ಮಾವ, ಸುಮ್ನೆ ಮಾಡಿದ್ದೆ" ಅನ್ನುವ ಫೋನಿಗೆ ಅಷ್ಟು ಬೆಲೆ ಇದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡು ಮಾಡಿ, ನೆನಪಾದಾಗ ಮಾಡೋಣ ಅಂದರೆ ಆಗೋದಿಲ್ಲ.

ತೋಟದ ಔಷಧಿಗೂ ಇದೇ ಮಾತು

ಕೋವಿ ಇಲ್ಲದ ಮನೆಯವರು ಇಲ್ಲಿವರೆಗೆ ಓದಿದ್ದರೆ, ಕೊಟ್ಟಿಗೆ ಅಟ್ಟದಲ್ಲಿ ಉಳಿದಿರುವ ಔಷಧಿ, ಅಂದರೆ ಕೀಟನಾಶಕದ, ಬಾಟಲಿಗಳನ್ನು ನೋಡಿ. ನಮ್ಮ ದೇಶದಲ್ಲಿ ಜೀವ ತೆಗೆಯೋದರಲ್ಲಿ ಕೋವಿಗಿಂತ ಅವುಗಳ ಪಾಲು ತುಂಬಾ ದೊಡ್ಡದು. ಬೇಕಾದಷ್ಟೇ ತನ್ನಿ, ಉಳಿಸಬೇಡಿ, ಉಳಿದರೆ ಮನೆಯಿಂದ ದೂರ, ಬೀಗದಲ್ಲಿ. ಮನೆಯಲ್ಲಿ ಯಾರಿಗಾದರೂ ಮನಸ್ಸು ಸರಿಯಿಲ್ಲದಿದ್ದರೆ ಆ ವರ್ಷ ಸ್ಟಾಕೇ ಬೇಡ.

ಶಿಕಾರಿ, ಕತ್ತಲೆ, ಮತ್ತು ರಕ್ತ ನಿಲ್ಲಿಸೋದು

ಹಂದಿ ಅಂತ ಹೊಡೆದಿದ್ದು ಜೊತೆಗೆ ಹೋದವನಿಗೆ ತಗುಲಿತು ಅನ್ನುವ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಶಿಕಾರಿ ಅಪರಾಧ ಅನ್ನೋದು ಒಂದು. ಅಪರಾಧ ಅನ್ನುವ ಕಾರಣಕ್ಕೇ ಗಾಯಾಳುವನ್ನು ಆಸ್ಪತ್ರೆಗೆ ಒಯ್ಯದೆ ಕಾಡಿನಲ್ಲಿ ಕೂತು ಏನು ಹೇಳೋದು ಅಂತ ಯೋಚಿಸುತ್ತಾರಲ್ಲ, ಅದು ಇನ್ನೊಂದು. ರಕ್ತ ಅಷ್ಟು ಹೊತ್ತು ಕಾಯೋದಿಲ್ಲ. ಕೋವಿ ಖಾಲಿ ಮಾಡಿ ದೂರ ಇಡಿ. 108ಕ್ಕೆ ಫೋನ್ ಮಾಡಿ, ಸಿಗ್ನಲ್ ಇಲ್ಲದಿದ್ದರೆ ಒಬ್ಬನನ್ನು ಗುಡ್ಡದ ಮೇಲಕ್ಕೆ ಓಡಿಸಿ. ಪಂಚೆಯೋ ಟವೆಲ್ಲೋ ಮಡಿಸಿ ಗಾಯದ ಮೇಲಿಟ್ಟು ಎರಡೂ ಕೈಯಲ್ಲಿ, ಮೈಭಾರ ಹಾಕಿ ಒತ್ತಿ. ಬಟ್ಟೆ ನೆನೆದರೆ ಅದನ್ನು ಕೀಳದೆ ಮೇಲೆ ಇನ್ನೊಂದು ಇಡಿ. ಕೈ ಅಥವಾ ಕಾಲಿನಿಂದ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ, ಗಾಯಕ್ಕಿಂತ ಮೇಲೆ ಅಗಲದ ಬಟ್ಟೆ ಸುತ್ತಿ ಕೋಲು ಸಿಕ್ಕಿಸಿ ತಿರುಚಿ ಬಿಗಿಯಿರಿ, ಕಟ್ಟಿದ ಹೊತ್ತು ಬರೆದಿಡಿ, ನಡುವೆ ಸಡಿಲ ಮಾಡಬೇಡಿ. ಚರೆ ಕೀಳೋಕೆ ಹೋಗಬೇಡಿ, ಕಾಫಿಪುಡಿ, ಅರಿಶಿನ ತುಂಬಬೇಡಿ. ಪೊಲೀಸ್ ಕೇಸು ಅಂತ ಯಾವ ಆಸ್ಪತ್ರೆಯೂ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೊದಲು ಜೀವ, ಆಮೇಲೆ ಕಾಗದ ಅನ್ನುವ ಅರ್ಥದಲ್ಲಿ ತೀರ್ಪು ಕೊಟ್ಟಿದೆ.

ಹೆಜ್ಜೆ 7: ವಾಪಸ್ ತರುವುದು

ಇದನ್ನು ಯಾವಾಗ ಅಂತ ಮೊದಲೇ ಮಾತಾಡಿಕೊಂಡಿರಿ, ಇಲ್ಲಾಂದರೆ ನನ್ನ ಕೋವಿ ಕಿತ್ತುಕೊಂಡರು ಅಂತಲೇ ಒಂದು ಸಿಟ್ಟು ಬೆಳೆಯುತ್ತದೆ. ನಿದ್ದೆ ಸರಿಯಾಗಿ ಮೂರ್ನಾಲ್ಕು ತಿಂಗಳು ಕಳೆದು, ಡಾಕ್ಟರೂ ಪರವಾಗಿಲ್ಲ ಅಂದು, ಮನೆಯವರೂ ಒಪ್ಪಿದ ಮೇಲೆ ತನ್ನಿ. ಕೆಲವರು ತರೋದೇ ಇಲ್ಲ, ಹಂದಿಗೆ ಸೋಲಾರ್ ಬೇಲಿ ಹಾಕಿಕೊಳ್ಳುತ್ತಾರೆ. ಅದೂ ಒಳ್ಳೇದೇ. ಲೈಸೆನ್ಸ್ ನವೀಕರಣದ ತಾರೀಕು ಮಾತ್ರ ಮರೆಯಬೇಡಿ, 2019ರ ತಿದ್ದುಪಡಿ ಆದ ಮೇಲೆ ಅವಧಿ 5 ವರ್ಷ.

ನಮ್ಮದು ದೀಪಾವಳಿ ಕಳೆದ ಮೇಲೆ ಬಂತು. ಠಾಣೆಯ ಮೂಲೆಯಲ್ಲಿ ಒಂದು ಮಳೆಗಾಲ ಪೂರ್ತಿ ನಿಂತಿದ್ದಕ್ಕೆ ನಳಿಗೆಗೆ ತುಕ್ಕು ಹಿಡಿದಿತ್ತು, ಅಪ್ಪಯ್ಯ ಎರಡು ದಿನ ಬೈದುಕೊಳ್ಳುತ್ತಾ ಎಣ್ಣೆ ಹಾಕಿ ಉಜ್ಜಿದರು. ಒಪ್ಪಿಸುವ ಮೊದಲೇ ನಳಿಗೆಯ ಒಳಗೂ ಹೊರಗೂ ಎಣ್ಣೆ ಸವರಿ ಬಟ್ಟೆ ಸುತ್ತಿ ಕೊಡಿ. ತೋಟಾ ಡಬ್ಬಿ ಎಲ್ಲಿದೆ ಅಂತ ಅವರು ಅಮ್ಮನನ್ನು ಇನ್ನೂ ಕೇಳಿಲ್ಲ.